ಘಟ್ಟದ ನೆತ್ತಿಯ ಗಡಿಕಲ್ಲುಗಳು ನಿಂತಲ್ಲೇ ಉಳಿಯಲಿ: ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು,
ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿ: ಅರಣ್ಯ ಇಲಾಖೆಗೆ, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ, ಹಾಗೂ ಘಟ್ಟ ಹತ್ತುವ ಎಲ್ಲ ಚಾರಣಿಗರಿಗೆ.

ವಿಷಯ: ಪಶ್ಚಿಮ ಘಟ್ಟದ ಬೆಟ್ಟಸಾಲುಗಳ ಮೇಲಿರುವ ಹಳೆಯ ಗಡಿಕಲ್ಲುಗಳನ್ನು ದಾಖಲಿಸಿ, ಇದ್ದ ಜಾಗದಲ್ಲೇ ಉಳಿಸಿಕೊಳ್ಳುವ ಕುರಿತು.

ಮಾನ್ಯರೇ,

ಕಳೆದ ಜನವರಿಯ ಒಂದು ಬೆಳಿಗ್ಗೆ, ಘಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ, ಯಾರೋ ಹಿಂದಿನ ದಿನ ಅಡುಗೆ ಮಾಡಿ ಬಿಟ್ಟುಹೋಗಿದ್ದ ಒಲೆಯೊಂದರ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ಆ ಒಲೆಯ ಮೂರು ಗುಂಡುಗಳಲ್ಲಿ ಎರಡು ಅಲ್ಲೇ ಹೆಕ್ಕಿದ ಕಾಡುಕಲ್ಲುಗಳು. ಮೂರನೆಯದು ಮಾತ್ರ ನಾಲ್ಕು ಮಗ್ಗುಲೂ ಸಮನಾಗಿ ಕೆತ್ತಿದ, ತಲೆಯ ಭಾಗ ಮುರಿದುಹೋಗಿದ್ದ ಕಂಬದ ತುಂಡು. ಮಸಿ ಹಿಡಿದಿದ್ದ ಅದರ ಮುಖಕ್ಕೆ ಬಾಟಲಿಯ ನೀರು ಸುರಿದು, ಸೂರ್ಯ ಇನ್ನೂ ಮೇಲೇರದ ಹೊತ್ತಿನ ಓರೆ ಬೆಳಕಿನಲ್ಲಿ ನೋಡಿದಾಗ ಎರಡು ಅಂಕಿಗಳು ಕಂಡವು. ಅದು ಗಡಿಕಲ್ಲು. ಅದನ್ನು ಕಿತ್ತ ಗುಣಿ ಹದಿನೈದು ಮಾರು ದೂರದಲ್ಲಿ ಇನ್ನೂ ಬಾಯ್ತೆರೆದೇ ಇತ್ತು, ಮತ್ತು ಕಲ್ಲು ಬಿಗಿಯಾಗಿ ನಿಲ್ಲಲೆಂದು ಅದನ್ನು ನೆಟ್ಟವರು ಬುಡಕ್ಕೆ ಜಡಿದಿದ್ದ ಜಲ್ಲಿ ಹಾಗೆಯೇ ಉಳಿದಿತ್ತು.

ಈ ಪತ್ರ ಬರೆಯಲು ಆ ಒಲೆಯೇ ಕಾರಣ. ಕೆಲವು ವರ್ಷಗಳಿಂದ ನಾನು, ಅನುಮತಿ ಸಿಕ್ಕ ಕಡೆಗಳಲ್ಲಿ ಮಾತ್ರ, ಘಟ್ಟದ ಹಳೆಯ ಗಡಿಗಳ ಜಾಡು ಹಿಡಿದು ನಡೆಯುತ್ತಿದ್ದೇನೆ. ಎಲ್ಲಿ ಯಾವ ಕಲ್ಲು ಕಂಡೆನೆಂಬುದನ್ನು ಈ ಪತ್ರದಲ್ಲಿ ಹೇಳುವುದಿಲ್ಲ. ಕೆತ್ತನೆಯಿರುವ ಕಲ್ಲಿನ ಬುಡದಲ್ಲೆಲ್ಲ ಕೊಪ್ಪರಿಗೆ ಹೂತಿದೆಯೆಂದು ನಂಬುವ ನಿಧಿಗಳ್ಳರು ನಮ್ಮ ನಾಡಿನಲ್ಲಿ ಎಷ್ಟು ವೀರಗಲ್ಲುಗಳನ್ನು ಬುಡಮೇಲು ಮಾಡಿದ್ದಾರೆಂಬುದು ಪುರಾತತ್ವ ಇಲಾಖೆಗೆ ನನಗಿಂತ ಚೆನ್ನಾಗಿ ಗೊತ್ತು. ತಮ್ಮ ಇಲಾಖೆ ಕೇಳಿದರೆ ನನ್ನ ಟಿಪ್ಪಣಿ ಪುಸ್ತಕವನ್ನೇ ಒಪ್ಪಿಸುತ್ತೇನೆ.

ಇವು ಯಾವ ಕಲ್ಲುಗಳು ಎಂಬುದನ್ನು ಮೊದಲು ಹೇಳಬೇಕು. ಇಂದು ನಾವು ಒಂದೇ ರಾಜ್ಯದ ಜಿಲ್ಲೆಗಳ ನಡುವಿನ ಗೆರೆಯೆಂದು ದಾಟುವ ಘಟ್ಟದ ಅಂಚು 1956ರ ನವೆಂಬರ್ 1ರವರೆಗೆ ಬೇರೆ ಬೇರೆ ಸರ್ಕಾರಗಳ ನಡುವಿನ ಗಡಿಯಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮುಂದೆ ಉತ್ತರ ಮತ್ತು ದಕ್ಷಿಣ ಕನ್ನಡಗಳಾಗಿ ಒಡೆದ ಕರಾವಳಿಯ ಕನ್ನಡ ಜಿಲ್ಲೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು, ಘಟ್ಟದ ಮೇಲಿನ ಸೀಮೆ ಮೈಸೂರು ಒಡೆಯರಿಗೆ ಉಳಿಯಿತು. 1834ರಲ್ಲಿ ಕೊಡಗನ್ನು ಕಂಪನಿ ವಶಪಡಿಸಿಕೊಂಡಾಗ, ಅದುವರೆಗೆ ಕೊಡಗಿನ ಅರಸರ ಕೈಯಲ್ಲಿದ್ದ ಘಟ್ಟದ ಕೆಳಗಿನ ಅಮರ ಸುಳ್ಯದ ಸೀಮೆ ಕನ್ನಡ ಜಿಲ್ಲೆಗೆ ಸೇರಿತು. 1837ರ ಬಂಡಾಯ ಎದ್ದದ್ದು ಇದೇ ಸೀಮೆಯಲ್ಲಿ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಹೀಗೆ ಮೈಸೂರು, ಮದ್ರಾಸು, ಮುಂಬಯಿ, ಕೊಡಗು ಎಂಬ ನಾಲ್ಕು ಆಡಳಿತಗಳು ಈ ಒಂದು ಬೆಟ್ಟಸಾಲಿನ ಮೇಲೆ ಒಂದನ್ನೊಂದು ಮುಟ್ಟುತ್ತಿದ್ದವು. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಘಟ್ಟ ಇಳಿಯುವವನು ಮೈಸೂರು ಸಂಸ್ಥಾನ ಬಿಟ್ಟು ಮದ್ರಾಸು ಪ್ರಾಂತ್ಯಕ್ಕೆ ಕಾಲಿಡುತ್ತಿದ್ದ. ಜೋಗದ ಈಚೆ ದಡ ಮೈಸೂರಿನದು, ಆಚೆ ದಡ ಮುಂಬಯಿಯದು; ಆಚೆಯ ಪ್ರವಾಸಿ ಬಂಗಲೆಗೆ ಬಾಂಬೆ ಬಂಗಲೆ ಎಂಬ ಹೆಸರು ಬಂದದ್ದು ಹಾಗೆ.

ರಾಜ್ಯಗಳು ಒಂದಾದ ದಿನ ಈ ಗಡಿಗಳ ಮಹತ್ವ ಕುಗ್ಗಿತು. ನಾವು ಕನ್ನಡಿಗರು ಅದಕ್ಕಾಗಿ ಹೋರಾಡಿದವರು, ಆದ್ದರಿಂದ ಗಡಿ ಅಳಿದದ್ದಕ್ಕೆ ಯಾರೂ ಮರುಗಬೇಕಾಗಿಲ್ಲ, ನಾನೂ ಮರುಗುವುದಿಲ್ಲ. ಆದರೆ ನಾವು ಬೇರೆ ಬೇರೆಯಾಗಿದ್ದೆವು ಎಂಬುದಕ್ಕೆ ನೆಲದ ಮೇಲಿರುವ ಸಾಕ್ಷಿಗಳು ಈ ಕಲ್ಲುಗಳೇ ಆದ್ದರಿಂದ, ಏಕೀಕರಣದ ಕಥೆಯನ್ನು ಮಕ್ಕಳಿಗೆ ಹೇಳುವಾಗ ಕೈಯಿಟ್ಟು ತೋರಿಸಬಹುದಾದ ವಸ್ತುವೂ ಇವೇ ಎಂಬುದು ನನ್ನ ಅಭಿಪ್ರಾಯ.

ಹುಡುಕುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೋರುತ್ತೇನೆ, ಏಕೆಂದರೆ ಈ ಕೆಲಸ ಕಚೇರಿಯಲ್ಲಿ ಕುಳಿತು ಏಕೆ ಆಗುವುದಿಲ್ಲ ಎಂಬುದು ಅದರಿಂದಲೇ ತಿಳಿಯುತ್ತದೆ. ಗಡಿ ಎಂದರೆ ಬೆಟ್ಟದ ಉದ್ದಕ್ಕೂ ಸಮ ಅಂತರದಲ್ಲಿ ನೆಟ್ಟ ಕಲ್ಲುಗಳ ಸಾಲು ಎಂದು ಮೊದಮೊದಲು ನಾನೂ ತಿಳಿದಿದ್ದೆ, ಮತ್ತು ಆ ತಿಳಿವಳಿಕೆಯಿಂದಲೇ ಎರಡು ಬೇಸಿಗೆಗಳನ್ನು ವ್ಯರ್ಥ ಮಾಡಿಕೊಂಡೆ. ಗುಡ್ಡದ ಬೆನ್ನು ಚೂಪಾಗಿದ್ದು, ಬಿದ್ದ ಮಳೆ ಯಾವ ಕಡೆಗೆ ಹರಿಯುತ್ತದೆಂಬುದು ಕಣ್ಣಿಗೇ ಕಾಣುವ ಕಡೆ ಕಲ್ಲಿನ ಅಗತ್ಯವೇ ಇರಲಿಲ್ಲ. ನೀರೇ ಅಲ್ಲಿ ಎಲ್ಲೆ ಹೇಳುತ್ತಿತ್ತು. ನೆತ್ತಿ ಅಗಲವಾಗಿ ಬಯಲಾಗುವ ಕಡೆ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ, ಎತ್ತಿನ ದಾರಿ ಘಟ್ಟ ದಾಟುವ ಬಾಯಿಯಲ್ಲಿ, ಗೆರೆ ಥಟ್ಟನೆ ತಿರುಗುವ ಮೂಲೆಯಲ್ಲಿ, ಅಂದರೆ ಜಗಳ ಹುಟ್ಟಬಹುದಾದ ಕಡೆಗಳಲ್ಲಿ, ಕಲ್ಲುಗಳು ಒತ್ತಾಗಿ ಸಿಗುತ್ತವೆ. ಗಡಿ ಯಾವಾಗಲೂ ನೀರಿನ ಮಾತು ಕೇಳಿದ್ದೂ ಇಲ್ಲ. ಶರಾವತಿ ಪಡುವಣಕ್ಕೆ ಹರಿಯುವ ಹೊಳೆಯಾದರೂ ಅದು ಹುಟ್ಟುವ ತೀರ್ಥಹಳ್ಳಿಯ ಅಂಬುತೀರ್ಥ ಮೈಸೂರಿನ ನೆಲದಲ್ಲಿಯೇ ಇತ್ತು. ಗೆರೆ ನೀರನ್ನು ಬಿಟ್ಟು ಮನುಷ್ಯರ ಒಪ್ಪಂದವನ್ನು ಹಿಡಿದು ಹೋಗುವ ಇಂಥ ಕಡೆ ಕಲ್ಲನ್ನು ಬಿಟ್ಟರೆ ಬೇರೆ ಗುರುತೇ ಇಲ್ಲ.

ಒಂದು ಕಲ್ಲು ಸಿಕ್ಕಿದ ಮೇಲೆ ಮುಂದಿನದು ಅಲ್ಲಿಂದ ಕಾಣುವಂತೆ ಇರಬೇಕು ಎಂಬುದು ಹಳೆಯ ಭೂಮಾಪಕರ ವಾಡಿಕೆ. ಕಾಣದಿದ್ದರೆ ನಡುವೆ ಕಾಡು ಬೆಳೆದಿದೆ, ಇಲ್ಲವೇ ಕಲ್ಲು ಬಿದ್ದಿದೆ. ಹದಿನಾಲ್ಕು ಮತ್ತು ಹದಿನಾರು ಸಿಕ್ಕಿದ್ದರೆ ಹದಿನೈದಕ್ಕಾಗಿ ಹುಲ್ಲಿನಲ್ಲಿ ಕೋಲಾಡಿಸುತ್ತ ಅರ್ಧ ದಿನ ಕಳೆಯುವ ಹುಚ್ಚು ಈ ಹವ್ಯಾಸದವರಿಗೆಲ್ಲ ಇರುತ್ತದೆ, ಮತ್ತು ಅದು ಸಿಕ್ಕಿದಾಗ ಆಗುವ ಸಂತೋಷವನ್ನು ಹೊರಗಿನವರಿಗೆ ವಿವರಿಸಲು ಹೋದರೆ ನಗೆಪಾಟಲಾಗುತ್ತೇವೆ. ಬೆಂಕಿ ರೇಖೆಗಳನ್ನು, ಅಂದರೆ ಕಾಡ್ಗಿಚ್ಚು ಹರಡದಂತೆ ಹುಲ್ಲು ಪೊದೆ ತೆಗೆದ ಪಟ್ಟಿಗಳನ್ನು, ಸವರಿದ ಮೇಲಿನ ಕೆಲವು ವಾರಗಳೇ ಇದಕ್ಕೆ ಸರಿಯಾದ ಕಾಲ; ಅರಣ್ಯದ ಬೆಂಕಿ ರೇಖೆ ಎಷ್ಟೋ ಕಡೆ ಗಡಿಯ ಮೇಲೆಯೇ ಸಾಗುವುದರಿಂದ, ವರ್ಷವಿಡೀ ಹುಲ್ಲಿನಲ್ಲಿ ಮುಳುಗಿರುವ ಕಲ್ಲುಗಳು ಆಗ ಮಾತ್ರ ಮೈ ತೋರಿಸುತ್ತವೆ. ಮಳೆಗಾಲದಲ್ಲಿ ಮಂಜು ಮತ್ತು ಇಂಬಳ ಎರಡೂ ಸೇರಿ ಹತ್ತು ಅಡಿ ದೂರದ್ದನ್ನೂ ನೋಡಗೊಡುವುದಿಲ್ಲ.

ನನಗೆ ಅತಿ ಹೆಚ್ಚು ಕಲ್ಲುಗಳನ್ನು ತೋರಿಸಿಕೊಟ್ಟದ್ದು ಯಾವ ನಕ್ಷೆಯೂ ಅಲ್ಲ. ಸರ್ವೆ ಆಫ್ ಇಂಡಿಯಾದ ಟೋಪೋ ಶೀಟುಗಳು ಗೆರೆಯನ್ನು ತೋರಿಸುತ್ತವೆ, ಕೆಲವೆಡೆ ಕಂಬವನ್ನೂ ಗುರುತಿಸುತ್ತವೆ, ಆದರೆ ಕಲ್ಲು ಇಂದು ನಿಂತಿದೆಯೋ ಬಿದ್ದಿದೆಯೋ ಎಂದು ಅವು ಹೇಳಲಾರವು. ಅದನ್ನು ಹೇಳಿದವರು ಅರಣ್ಯ ವೀಕ್ಷಕರು. ಮೂವತ್ತು ವರ್ಷ ಒಂದೇ ಬೆಟ್ಟಸಾಲಿನಲ್ಲಿ ಬೆಂಕಿ ರೇಖೆ ಸವರಿದ ಒಬ್ಬ ವೀಕ್ಷಕರು, ನಾನು ನಕ್ಷೆ ಬಿಚ್ಚಿ ದಿಕ್ಕು ನೋಡುತ್ತಿದ್ದಾಗ, "ಬಾಂದುಕಲ್ಲು ತಾನೆ ಸಾರ್, ಆ ನೇರಳೆ ಮರದ ಬುಡದಲ್ಲಿದೆ, ಬನ್ನಿ" ಎಂದು ಮುಂದೆ ನಡೆದೇಬಿಟ್ಟರು. ಬೇರು ಕಲ್ಲನ್ನು ಅರ್ಧ ನುಂಗಿತ್ತು. ಅವರು ಇಷ್ಟರಲ್ಲೇ ನಿವೃತ್ತರಾಗುತ್ತಾರೆ. ಅವರ ತಲೆಯಲ್ಲಿರುವ ಪಟ್ಟಿ ಯಾವ ಕಡತದಲ್ಲೂ ಇಲ್ಲ.

ಇನ್ನು ಕಚೇರಿಗಳ ವಿಷಯ. ಮುರಿದ ಕಲ್ಲಿನ ಬಗ್ಗೆ ದೂರು ಕೊಡಲು ಹೋದಾಗ ನನ್ನನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಕಳುಹಿಸಲಾಯಿತು. ಯಾರ ಹೆಸರನ್ನೂ ಹೇಳುವ ಉದ್ದೇಶ ನನಗಿಲ್ಲ, ಏಕೆಂದರೆ ಎಲ್ಲರೂ ಸೌಜನ್ಯದಿಂದಲೇ ಮಾತನಾಡಿದರು ಮತ್ತು ಪ್ರತಿಯೊಬ್ಬರ ಉತ್ತರವೂ ಅವರವರ ಮಟ್ಟಿಗೆ ಸರಿಯಾಗಿತ್ತು. ಕಲ್ಲು ಕಾಡಿನಲ್ಲಿರುವುದರಿಂದ ಅರಣ್ಯದವರದು. ಕಲ್ಲು ಕಂದಾಯದ ಗಡಿಯದ್ದಾದ್ದರಿಂದ ಭೂಮಾಪನದವರದು. ಕಲ್ಲು ಹಳೆಯದಾದ್ದರಿಂದ ಪುರಾತತ್ವದವರದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ, ಇಲ್ಲಿ ಜಗಳವೂ ಇಲ್ಲದೆ ಕಲ್ಲು ಬಡವಾಗುತ್ತಿದೆ. ಗಡಿಕಲ್ಲಿನ ಸ್ವಭಾವವೇ ಅಂಥದ್ದು: ಅದು ಹುಟ್ಟಿನಿಂದಲೇ ಎರಡು ಕಡೆಯವರಿಗೆ ಅರ್ಧರ್ಧ ಸೇರಿದ್ದು, ಹಾಗಾಗಿ ಪೂರ್ತಿಯಾಗಿ ತನ್ನದೆಂದು ಹೇಳುವವರು ಇಲ್ಲ.

ಕಾನೂನು ಇಲ್ಲವೆಂದಲ್ಲ. 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮ ಗಡಿಗುರುತುಗಳನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಜಮೀನಿನ ಹಿಡುವಳಿದಾರನ ಮೇಲೆ ಹೊರಿಸುತ್ತದೆ. ರೈತನ ಹೊಲದ ಬಾಂದುಕಲ್ಲು ಕಾಣೆಯಾದರೆ ಹದ್ದುಬಸ್ತಿಗೆ, ಅಂದರೆ ಜಮೀನಿನ ಎಲ್ಲೆಯನ್ನು ಅಳೆದು ಗುರುತಿಸಿಕೊಡಲು, ಅರ್ಜಿ ಹಾಕಿ, ಶುಲ್ಕ ಕಟ್ಟಿ, ಸರ್ವೆಯರ್ ಬರುವ ದಿನಕ್ಕಾಗಿ ಕಾಯಬೇಕಾದವನು ಅವನೇ. ಘಟ್ಟದ ನೆತ್ತಿಯಲ್ಲಿ ಗೆರೆಯ ಎರಡೂ ಬದಿಯ ಹಿಡುವಳಿದಾರ ಸರ್ಕಾರವೇ ಆಗಿರುವಾಗ, ರೈತನಿಗೆ ಹೇಳುವ ನಿಯಮವನ್ನು ಸರ್ಕಾರ ತನಗೂ ಹೇಳಿಕೊಳ್ಳಬೇಕೆಂದು ಕೇಳುವುದು ತಪ್ಪಾಗಲಾರದು. ಸಾರ್ವಜನಿಕ ಅಧಿಕಾರಿಯ ಆಜ್ಞೆಯಿಂದ ನೆಟ್ಟ ಗಡಿಗುರುತನ್ನು ಕೆಡಿಸುವುದು, ಸರಿಸುವುದು ಹಳೆಯ ಭಾರತೀಯ ದಂಡ ಸಂಹಿತೆಯ 434ನೇ ಕಲಮಿನಲ್ಲಿ ಒಂದು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧವಾಗಿತ್ತು. ನೂರು ವರ್ಷಕ್ಕೆ ಕಡಿಮೆಯಿಲ್ಲದ, ಚಾರಿತ್ರಿಕ ಮಹತ್ವದ ಶಾಸನ ಮತ್ತು ಏಕಶಿಲೆಗಳನ್ನು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ತನ್ನ ವ್ಯಾಖ್ಯೆಯಲ್ಲೇ ಸೇರಿಸಿಕೊಂಡಿದೆ. ಮೂರೂ ಕಡೆಯಿಂದ ರಕ್ಷಣೆಯ ದಾರಿ ಇದೆ. ಯಾವ ಕಲ್ಲು ಎಲ್ಲಿದೆ ಎಂಬ ಪಟ್ಟಿಯೊಂದೇ ಇಲ್ಲ, ಮತ್ತು ಪಟ್ಟಿಯಿಲ್ಲದೆ ಮೂರು ಕಾನೂನುಗಳೂ ಕೈಕಟ್ಟಿ ನಿಲ್ಲುತ್ತವೆ.

ಸತ್ತ ಗಡಿಯ ಕಲ್ಲಿಗೆ ಇಷ್ಟೆಲ್ಲ ಏಕೆ ಎಂದು ತಾವು ಕೇಳಬಹುದು. ಬಳ್ಳಾರಿಯ ಗುಡ್ಡಗಳನ್ನು ನೆನಪಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ. ರಾಯದುರ್ಗದ ಕಡೆಯ ನೆಲಕ್ಕೂ ಬಳ್ಳಾರಿಯ ಕಡೆಯ ನೆಲಕ್ಕೂ ನಡುವಿನ ಗೆರೆ 1953ಕ್ಕೆ ಮೊದಲು ಒಂದೇ ಬಳ್ಳಾರಿ ಜಿಲ್ಲೆಯೊಳಗಿನ, ಯಾರೂ ತಲೆಕೆಡಿಸಿಕೊಳ್ಳದ ಒಳಗೆರೆಯಾಗಿತ್ತು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿ, ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಬಂದಾಗ ಅದೇ ಗೆರೆ ರಾಜ್ಯದ ಗಡಿಯಾಯಿತು. ಮುಂದೆ ಕಬ್ಬಿಣದ ಅದಿರಿಗೆ ಬೆಲೆ ಬಂದಾಗ ಅದರ ಮೇಲಿನ ಗುರುತುಗಳು ಗಣಿಯ ಯಂತ್ರಗಳ ಬಾಯಿಗೆ ಸಿಕ್ಕಿ ಮಾಯವಾದವು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಬ್ರಿಟಿಷರ ಕಾಲದ ನಕ್ಷೆಗಳನ್ನು ಹರಡಿಕೊಂಡು ಸರ್ವೆ ಆಫ್ ಇಂಡಿಯಾ ಮತ್ತೆ ಗಡಿ ಗುರುತಿಸಬೇಕಾಯಿತು. ಅಲ್ಲಿ ಒಳಗೆರೆ ರಾಜ್ಯದ ಗಡಿಯಾಯಿತು, ಘಟ್ಟದಲ್ಲಿ ರಾಜ್ಯಗಳ ಗಡಿ ಒಳಗೆರೆಯಾಗಿದೆ. ಯಾವ ಗೆರೆಗೆ ಯಾವಾಗ ಜೀವ ಬರುತ್ತದೆಂದು ಮೊದಲೇ ಬಲ್ಲವರಿಲ್ಲ. ಬ್ರಹ್ಮಗಿರಿಯ ಮೇಲಂತೂ ಅದು ಸತ್ತೇ ಇಲ್ಲ. ಅಂದು ಕೊಡಗು ಮತ್ತು ಮಲಬಾರಿನ ವಯನಾಡುಗಳ ನಡುವೆ ಇದ್ದ ಗಡಿ ಇಂದು ಕರ್ನಾಟಕ ಮತ್ತು ಕೇರಳಗಳ ಗಡಿಯಾಗಿ ಹಾಗೆಯೇ ಮುಂದುವರಿದಿದೆ.

ಕಲ್ಲು ನೆಟ್ಟು ಎಲ್ಲೆ ಹೇಳುವುದು ಈ ನೆಲಕ್ಕೆ ಕಂಪನಿಯವರು ಕಲಿಸಿದ ವಿದ್ಯೆಯೂ ಅಲ್ಲ. ದತ್ತಿಯ ಶಾಸನಗಳಲ್ಲಿ ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ನಾಲ್ಕು ದಿಕ್ಕಿನ ಸೀಮೆಯನ್ನು ಹೇಳುವಾಗ ನಟ್ಟ ಕಲ್ಲು, ಹುತ್ತ, ಹಳ್ಳ, ಮರಗಳೇ ಸಾಕ್ಷಿಯಾಗಿ ಬರುತ್ತವೆ. ಶೈವ ದೇವಾಲಯಕ್ಕೆ ಬಿಟ್ಟ ಭೂಮಿಗೆ ಲಿಂಗಮುದ್ರೆಯ ಕಲ್ಲು, ವೈಷ್ಣವ ದತ್ತಿಗೆ ವಾಮನಮುದ್ರೆಯ ಕಲ್ಲು, ಜೈನ ಬಸದಿಯ ಭೂಮಿಗೆ ಮೂರು ಕೊಡೆಗಳ ಗುರುತಿನ ಮುಕ್ಕೊಡೆಯ ಕಲ್ಲು ನೆಡುತ್ತಿದ್ದರು. ಕೊಟ್ಟ ಭೂಮಿಯನ್ನು ಕಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆಂಬ ಶಾಪಾಶಯದ ಶ್ಲೋಕವೂ ಶಾಸನದ ಕೊನೆಯಲ್ಲಿ ಇರುತ್ತಿತ್ತು. ಒಂದು ವರ್ಷದ ಸೆರೆಗಿಂತ ಇದು ಕಠಿಣವಾದ ಕಲಮು ಎಂಬುದರಲ್ಲಿ ಸಂಶಯವಿಲ್ಲ. ಕೊಡಗಿನಲ್ಲಿ ಕಲ್ಲಿನ ಬದಲು ನೆಲವನ್ನೇ ಅಗೆದು ಕಡಂಗಗಳೆಂಬ ಕಂದಕಗಳನ್ನು ಮಾಡಿದರು, ಮತ್ತು ಅವುಗಳಲ್ಲಿ ಕೆಲವು ಇಂದೂ ಕಾಫಿ ತೋಟಗಳ ನಡುವೆ ಉಳಿದಿವೆ. 1799ರ ಬಳಿಕ ಮೈಸೂರು ಸೀಮೆಯ ಸರ್ವೆಗೆ ಇಳಿದ ಕಾಲಿನ್ ಮೆಕೆಂಜಿ ಸುತ್ತಲೂ ಗಡಿಯನ್ನು ಅಳೆಯುತ್ತ ಹೋದಾಗ, ಗೆರೆ ಎಲ್ಲಿದೆಯೆಂದು ಅವನಿಗೆ ಹೇಳಬಲ್ಲವರು ಅಲ್ಲಲ್ಲಿನ ಊರವರೇ ಆಗಿದ್ದರು. ಅವನು ಮುಂದೆ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಇಂದಿನ ವೀಕ್ಷಕರ ಪಟ್ಟಿಯನ್ನು ಬರೆದಿಟ್ಟುಕೊಳ್ಳಿ ಎಂದು ನಾನು ಬೇಡುವಾಗ, ತಮ್ಮ ಇಲಾಖೆಯ ಪೂರ್ವಿಕರು ಮಾಡಿದ್ದನ್ನೇ ಮತ್ತೆ ಮಾಡಿ ಎನ್ನುತ್ತಿದ್ದೇನೆ, ಅಷ್ಟೆ.

ಬೇರೆ ದೇಶದ ಒಂದು ಉದಾಹರಣೆ ಸಾಕು. ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರನೀಸ್ ಪರ್ವತಗಳ ಮೇಲೆ, 1856ರಿಂದ 1868ರವರೆಗಿನ ಬಯೋನ್ ಒಪ್ಪಂದಗಳ ಪ್ರಕಾರ, ಅಟ್ಲಾಂಟಿಕ್ ಕಡೆಯಿಂದ ಮೆಡಿಟರೇನಿಯನ್ ತೀರದವರೆಗೆ 1ರಿಂದ 602ರವರೆಗೆ ಸಂಖ್ಯೆ ಕೊಟ್ಟ ಗಡಿಗುರುತುಗಳಿವೆ. ಕೆಲವು ನೆಟ್ಟ ಕಂಬಗಳು, ಕೆಲವು ಬಂಡೆಯ ಮೇಲೆಯೇ ಕೊರೆದ ಶಿಲುಬೆಗಳು. ಇಂದು ಆ ಎರಡು ದೇಶಗಳ ನಡುವೆ ನಡೆದುಹೋಗುವವನನ್ನು ತಡೆದು ಕೇಳುವವರು ವಿರಳ, ಆದರೂ ಕಲ್ಲುಗಳನ್ನು ಬಿಟ್ಟುಕೊಟ್ಟಿಲ್ಲ. ಅವುಗಳನ್ನು ಒಂದೊಂದಾಗಿ ಹುಡುಕಿ, ಸ್ಥಿತಿಯನ್ನು ಬರೆದಿಡುವ ಕಾಲ್ನಡಿಗೆಯ ಹವ್ಯಾಸಿಗಳೇ ಅಲ್ಲಿದ್ದಾರೆ. ನಮ್ಮಲ್ಲಿ ಹಾಗೆ ನಡೆಯಲು ಸಿದ್ಧರಿರುವವರಿಗೆ ಕೊರತೆಯಿಲ್ಲ. ಕುಕ್ಕೆಯಿಂದ ಹೊರಟು 1712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಹೋಗುವವರು ದಕ್ಷಿಣ ಕನ್ನಡದಿಂದ ಕೊಡಗಿಗೆ, ಅಂದರೆ ಹಿಂದಿನ ಮದ್ರಾಸಿನಿಂದ ಕೊಡಗು ಪ್ರಾಂತ್ಯಕ್ಕೆ ದಾಟುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಅದು ತಿಳಿಯದು, ತಿಳಿಸುವವರೂ ಇಲ್ಲ.

ನನ್ನ ಕೋರಿಕೆ ಹಣದ್ದಲ್ಲ. ತಮ್ಮ ಇಲಾಖೆ ಒಂದು ಪುಟದ ನಮೂನೆಯನ್ನು ಸಿದ್ಧಪಡಿಸಿ, ವಲಯ ಅರಣ್ಯಾಧಿಕಾರಿಗಳ ಮೂಲಕ ಬೆಂಕಿ ರೇಖೆಯ ಸಿಬ್ಬಂದಿಗೆ ಮುಟ್ಟಿಸಿದರೆ ಸಾಕು. ಕಲ್ಲಿನ ಎತ್ತರ, ಮುಖದ ಮೇಲಿನ ಅಕ್ಷರ ಅಥವಾ ಅಂಕಿ, ಅದು ಯಾವ ದಿಕ್ಕಿಗೆ ಮುಖ ಮಾಡಿದೆ, ನಿಂತಿದೆಯೋ ಬಿದ್ದಿದೆಯೋ, ನಾಲ್ಕು ಮಗ್ಗುಲಿನ ಛಾಯಾಚಿತ್ರ ಮತ್ತು ಮೊಬೈಲಿನಿಂದಲೇ ತೆಗೆದ ಅಕ್ಷಾಂಶ ರೇಖಾಂಶಗಳು ಅದರಲ್ಲಿರಲಿ. ಡ್ರೋನ್ ಹಾರಿಸಿ ಮರುಭೂಮಾಪನ ಮಾಡುವ ಕಾಲವಿದು ಎಂದು ತಾವು ಹೇಳಬಹುದು; ಶೋಲಾ ಕಾಡಿನ ಕೊಡೆಯ ಕೆಳಗಿರುವ ಮೊಣಕಾಲೆತ್ತರದ ಕಲ್ಲು ಡ್ರೋನಿನ ಕಣ್ಣಿಗೆ ಬೀಳುವುದಿಲ್ಲ. ಹೀಗೆ ಬಂದ ಮಾಹಿತಿಯನ್ನು ಜಮೀನಿನ ಸರ್ವೆ ನಕ್ಷೆ ತೋರಿಸುವ ತಮ್ಮ ದಿಶಾಂಕ್ ಆ್ಯಪ್‌ನಲ್ಲಿ ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು ನಾನು ಮೊದಲು ಬಯಸಿದ್ದೆ. ನಿಧಿಗಳ್ಳರ ಹಾರೆಯ ಗುರುತುಗಳನ್ನು ಕಣ್ಣಾರೆ ಕಂಡ ಮೇಲೆ ಅಭಿಪ್ರಾಯ ಬದಲಿಸಿಕೊಂಡಿದ್ದೇನೆ: ಇಂಥ ಗ್ರಾಮದ ಎಲ್ಲೆಯಲ್ಲಿ ಇಷ್ಟು ಕಲ್ಲುಗಳಿವೆ ಎಂಬುದು ಸಾರ್ವಜನಿಕರಿಗೆ ತಿಳಿದರೆ ಸಾಕು, ನಿಖರವಾದ ಸ್ಥಾನ ಮೂರು ಇಲಾಖೆಗಳಲ್ಲಿ ಮಾತ್ರ ಇರಲಿ.

ಇದರ ಜೊತೆಗೆ, ಏನು ಮಾಡಬಾರದೆಂಬುದನ್ನೂ ಹೇಳದಿದ್ದರೆ ನನ್ನ ಪತ್ರವೇ ಕಲ್ಲುಗಳಿಗೆ ಕೇಡಾದೀತು. ದಯವಿಟ್ಟು ಒಂದು ಕಲ್ಲನ್ನೂ ವಸ್ತು ಸಂಗ್ರಹಾಲಯಕ್ಕೆ ಸಾಗಿಸಬೇಡಿ. ವಿಗ್ರಹವನ್ನು ಎಲ್ಲಿಟ್ಟರೂ ಅದು ವಿಗ್ರಹವೇ. ಗಡಿಕಲ್ಲನ್ನು ಎರಡು ಗಜ ಸರಿಸಿದರೆ ಅದು ಬರಿಯ ಕಲ್ಲು, ಅಷ್ಟೇ ಅಲ್ಲ, ಸುಳ್ಳು ಹೇಳುವ ಕಲ್ಲು. ಸಿಮೆಂಟಿನ ಕಟ್ಟೆ ಬೇಡ, ಹಳದಿ ಬಣ್ಣ ಬೇಡ, ಪ್ರವಾಸಿ ಫಲಕವಂತೂ ಬೇಡವೇ ಬೇಡ. ಬಿದ್ದ ಕಲ್ಲಿನ ಗುಣಿ ಇನ್ನೂ ಕಾಣುತ್ತಿದ್ದರೆ, ಭೂಮಾಪಕರ ಎದುರಿನಲ್ಲಿ ಪಂಚನಾಮೆ ಮಾಡಿ ಅದೇ ಗುಣಿಯಲ್ಲಿ ನಿಲ್ಲಿಸಿ. ಗುಣಿ ಸಿಗದಿದ್ದರೆ ಬಿದ್ದಲ್ಲೇ ಬಿಟ್ಟು, ಬಿದ್ದಿದೆಯೆಂದು ಬರೆಯಿರಿ. ಘಟ್ಟದ ರಸ್ತೆ ಅಗಲಿಸುವ ಕಾಮಗಾರಿಗಳಿಗೆ ಒಪ್ಪಿಗೆ ಕೊಡುವ ಮೊದಲು ದಾರಿಯ ಎರಡೂ ಬದಿಯ ಕಲ್ಲುಗಳನ್ನು ಗುರುತಿಸಬೇಕೆಂಬ ಒಂದು ಸಾಲನ್ನು ಷರತ್ತುಗಳಲ್ಲಿ ಸೇರಿಸಿದರೆ, ಹಳೆಯ ಗಡಿಗಳು ಅತಿ ಹೆಚ್ಚು ನಾಶವಾಗುವ ಜಾಗದಲ್ಲೇ ರಕ್ಷಣೆ ಸಿಕ್ಕಂತಾಗುತ್ತದೆ, ಏಕೆಂದರೆ ಘಟ್ಟದ ಬಾಯಿಗಳಲ್ಲೇ ಕಲ್ಲು ಒತ್ತಾಗಿದ್ದವೆಂದು ಮೇಲೆ ಹೇಳಿದೆನಷ್ಟೆ.

ಚಾರಣಿಗ ಮಿತ್ರರಲ್ಲಿ ಎರಡು ಮಾತು. ಅಂಕಿ ಕಾಣಲೆಂದು ಕಲ್ಲುಹೂವನ್ನು ಚಾಕುವಿನಿಂದ ಕೆರೆಯಬೇಡಿ, ಸುಣ್ಣದ ಕಡ್ಡಿಯಿಂದ ತೀಡಬೇಡಿ; ಬೆಳಿಗ್ಗೆ ಅಥವಾ ಸಂಜೆಯ ಓರೆ ಬೆಳಕಿಗೆ ಕಾದರೆ, ಇಲ್ಲವೇ ಒಂದು ಬೊಗಸೆ ನೀರು ಹಾಕಿದರೆ ಓದಲು ಬರುತ್ತದೆ. ಕಲ್ಲಿನ ಚಿತ್ರವನ್ನು ಹಾಕಿಕೊಳ್ಳುವುದಾದರೆ ಜಾಗದ ಗುರುತನ್ನು ತೆಗೆದು ಹಾಕಿ. ಕಾಡಿನಲ್ಲಿ ಒಲೆ ಹೂಡುವುದೇ ನಿಷಿದ್ಧ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಮಾನ್ಯರೇ, ಬೆಂಕಿ ರೇಖೆ ಸವರುವ ಕೆಲಸ ಮಳೆ ನಿಂತ ಮೇಲೆ, ಹುಲ್ಲು ಒಣಗುವ ಹೊತ್ತಿಗೆ ಮತ್ತೆ ಆರಂಭವಾಗುತ್ತದೆ. ನಮೂನೆ ಅಷ್ಟರೊಳಗೆ ವೀಕ್ಷಕರ ಕೈ ಸೇರಿದರೆ ಈ ವರ್ಷವೇ ಮೊದಲ ಪಟ್ಟಿ ಆಗಬಹುದು. ನಾನು ಹೇಳಿದ ಹಿರಿಯ ವೀಕ್ಷಕರಿಗೆ ಸೇವೆಯಲ್ಲಿ ಅದೇ ಕೊನೆಯ ಬೇಸಿಗೆ. ನೇರಳೆ ಮರದಾಚೆಗೆ ಇನ್ನೂ ಒಂಬತ್ತು ಕಲ್ಲುಗಳಿವೆಯೆಂದು ಅವರು ಬೆರಳು ಮಡಿಸಿ ಎಣಿಸಿದ್ದರು. ನನಗೆ ಸಿಕ್ಕಿರುವುದು ನಾಲ್ಕು.

ಇತಿ ತಮ್ಮ ವಿಶ್ವಾಸಿ,
ಗಡಿಕಲ್ಲುಗಳ ಜಾಡಿನ ಒಬ್ಬ ಚಾರಣಿಗ